ನೋವು ನಿಜ, ಪತ್ರ ಸುಳ್ಳು

(ದಶಲಕ್ಷಣ ಪರ್ವದ ಬಳಿಕ ಮುಂಬಯಿಯ ಕನ್ನಡ ಜೈನ ಕುಟುಂಬಗಳು ಸೇರಿದ್ದ ಕ್ಷಮಾವಾಣಿ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕ್ಷಮಾವಾಣಿಯ ದಿನ ನಾವೆಲ್ಲರೂ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಕೇಳುತ್ತೇವೆ. ಆ ತಪ್ಪು ಯಾವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಇಂದು ನಾನು ನನ್ನ ಒಂದು ತಪ್ಪನ್ನು ಹೆಸರಿಸಿ ಹೇಳಬೇಕೆಂದಿದ್ದೇನೆ. ಅದು ಘಟಿಸಿದ್ದು ಅಮೆರಿಕದ ಒಂದು ವಿಮಾನದೊಳಗೆ, ಒಂದು ನಾಯಿಯ ಕಾರಣದಿಂದ. ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಕೊನೆಯವರೆಗೆ ಕೇಳಬೇಕೆಂದು ವಿನಂತಿ.

ವಿಮಾನದಲ್ಲಿ ಪ್ರಾಣಿಗಳನ್ನು ಜೊತೆಗೆ ಕೂರಿಸಿಕೊಂಡು ಹೋಗುವ ಬಗ್ಗೆ ಅಮೆರಿಕದಲ್ಲಿ ಹಲವು ವರ್ಷಗಳ ಕಾಲ ದೊಡ್ಡ ವಾದವಿವಾದ ನಡೆಯಿತು. ಅಲ್ಲಿಯವರು 'ಎಮೋಷನಲ್ ಸಪೋರ್ಟ್ ಅನಿಮಲ್' ಎನ್ನುವುದನ್ನು ನಾನು 'ಆಸರೆಯ ಪ್ರಾಣಿ' ಎಂದು ಕರೆಯುತ್ತೇನೆ. ಮನಸ್ಸಿನ ಕಾಯಿಲೆಯುಳ್ಳವರಿಗೆ ತನ್ನ ಇರವಿನಿಂದಲೇ ಸಮಾಧಾನ ನೀಡುವ ಪ್ರಾಣಿ ಅದು. ಅದಕ್ಕೆ ವಿಶೇಷ ತರಬೇತಿ ಇರುವುದಿಲ್ಲ. 'ಸೇವಾ ಶ್ವಾನ' ಬೇರೆ. ದೃಷ್ಟಿಯಿಲ್ಲದವರನ್ನು ದಾರಿ ನಡೆಸುವುದು, ಮೂರ್ಛೆ ಬಂದಾಗ ನೆರವಾಗುವುದು, ತೀವ್ರ ಗಾಬರಿ ಕವಿದಾಗ ಮೈಗೊತ್ತಿ ನಿಂತು ಅದನ್ನು ತಡೆಯುವುದು, ಹೀಗೆ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಅದನ್ನು ತರಬೇತುಗೊಳಿಸಿರುತ್ತಾರೆ. ಈ ಎರಡರ ನಡುವಿನ ಅಂತರವೇ ಇಡೀ ವಿವಾದದ ಮೂಲ.

ಈ ಹಕ್ಕು ಯಾರೋ ದಾನವಾಗಿ ಕೊಟ್ಟದ್ದಲ್ಲ. ವಿಮಾನ ಕಂಪನಿಗಳು ಅಂಗವಿಕಲರನ್ನು ಮನಸ್ಸಿಗೆ ಬಂದಂತೆ ನಡೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಯುದ್ಧದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಆದರೆ ಅದೇ 1986ರಲ್ಲಿ ಅಮೆರಿಕದ ಸಂಸತ್ತು 'ಏರ್ ಕ್ಯಾರಿಯರ್ ಆಕ್ಸೆಸ್ ಕಾಯಿದೆ'ಯನ್ನು ಜಾರಿಗೆ ತಂದು, ವಿಮಾನಯಾನದಲ್ಲಿ ಅಂಗವಿಕಲರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿತು. ಅಲ್ಲಿಯ ಸಾರಿಗೆ ಇಲಾಖೆ ಮುಂದೆ ಈ ಕಾಯಿದೆಯ ನೆರಳಿನಲ್ಲಿ ಆಸರೆಯ ಪ್ರಾಣಿಗಳಿಗೂ ಜಾಗ ಮಾಡಿಕೊಟ್ಟಿತು. ಮಾನಸಿಕ ಆರೋಗ್ಯ ತಜ್ಞರೊಬ್ಬರು, ಈ ವ್ಯಕ್ತಿ ತಮ್ಮ ಆರೈಕೆಯಲ್ಲಿದ್ದಾರೆ, ಅವರಿಗೆ ಈ ಪ್ರಾಣಿ ಅಗತ್ಯ ಎಂದು ಬರೆದುಕೊಟ್ಟರೆ ಸಾಕು, ಪ್ರಾಣಿ ಶುಲ್ಕವಿಲ್ಲದೆ ಕ್ಯಾಬಿನ್ನಿನೊಳಗೆ ಬರಬಹುದಿತ್ತು. ಸಾಮಾನ್ಯ ಸಾಕುಪ್ರಾಣಿಯಾದರೆ ಒಂದು ಬದಿಯ ಪ್ರಯಾಣಕ್ಕೆ ಸುಮಾರು 100 ಡಾಲರ್ ಅಥವಾ ಅದಕ್ಕೂ ಹೆಚ್ಚು ಕೊಡಬೇಕಿತ್ತು. ಅದೂ ಸೀಟಿನ ಕೆಳಗೆ ಹಿಡಿಸುವ ಪೆಟ್ಟಿಗೆಯೊಳಗೆ ಅದು ಕೂರುವಂತಿದ್ದರೆ ಮಾತ್ರ.

ಹಕ್ಕಿನ ಪಕ್ಕದಲ್ಲಿಯೇ ಒಂದು ಸಂತೆ ಹುಟ್ಟಿಕೊಂಡಿತು. ಪ್ರಶ್ನಾವಳಿ ತುಂಬಿಸಿ ಹಣ ಕಟ್ಟಿದವರಿಗೆ ಪತ್ರ ಒದಗಿಸುವ ವ್ಯಾಪಾರಗಳು ತಲೆ ಎತ್ತಿದವು. ವಿಮಾನ ಕಂಪನಿಗಳ ಒಕ್ಕೂಟವು ಕೊಟ್ಟ ಲೆಕ್ಕದಂತೆ, 2016ರಲ್ಲಿ 4,81,000 ಇದ್ದ ಆಸರೆಯ ಪ್ರಾಣಿಗಳ ಸಂಖ್ಯೆ 2017ರಲ್ಲಿ 7,51,000ಕ್ಕೆ ಏರಿತು. ಒಂದೇ ವರ್ಷದಲ್ಲಿ ಮನಸ್ಸಿನ ಕಾಯಿಲೆ ಇಷ್ಟು ಹೆಚ್ಚಿತೆಂದು ನಂಬುವುದು ಕಷ್ಟ. ಪತ್ರ ಸಿಗುವುದು ಸುಲಭವಾಯಿತೆಂದು ನಂಬುವುದು ಸುಲಭ. 2017ರ ಜೂನ್‌ನಲ್ಲಿ ಅಟ್ಲಾಂಟಾದಿಂದ ಹೊರಡಬೇಕಿದ್ದ ಡೆಲ್ಟಾ ವಿಮಾನದಲ್ಲಿ ಇಂತಹ ಒಂದು ನಾಯಿ ಪಕ್ಕದ ಪ್ರಯಾಣಿಕನ ಮುಖವನ್ನೇ ಕಚ್ಚಿ ಗಾಯಗೊಳಿಸಿತು. 2018ರ ಜನವರಿಯಲ್ಲಿ ಡೆಲ್ಟಾ, ಕಚ್ಚುವುದು, ಮಲಮೂತ್ರ ಮಾಡುವುದು ಮುಂತಾದ ಪ್ರಾಣಿಸಂಬಂಧಿ ಘಟನೆಗಳು 2016ರಿಂದೀಚೆಗೆ ಶೇ. 84ರಷ್ಟು ಹೆಚ್ಚಿವೆಯೆಂದು ತಿಳಿಸಿತು. ಅದೇ ತಿಂಗಳು ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ನವಿಲನ್ನು ಆಸರೆಯ ಪ್ರಾಣಿಯೆಂದು ಕರೆತಂದರು. ಯುನೈಟೆಡ್ ಕಂಪನಿ ಅದನ್ನು ಹತ್ತಿಸಿಕೊಳ್ಳಲಿಲ್ಲ. ಆ ನವಿಲಿನ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ನಾವೂ ನೋಡಿ ನಕ್ಕೆವು. ನಾನೂ ನಕ್ಕವರಲ್ಲಿ ಒಬ್ಬ.

ಮರುವರ್ಷವೇ ನಾನು ಅದೇ ನಿಲ್ದಾಣದಲ್ಲಿ ಅಂಥದೇ ಒಂದು ಪತ್ರ ಹಿಡಿದು ನಿಂತಿದ್ದೆ.

ನನ್ನ ಮಗಳು ನ್ಯೂಜೆರ್ಸಿಯಲ್ಲಿ ಓದುತ್ತಿದ್ದಳು. ಅವಳ ತಾಯಿ ತೀರಿಕೊಂಡ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಎದೆ ಬಡಿತ ಏರುವುದು, ಉಸಿರು ಕಟ್ಟಿದಂತಾಗುವುದು, ಜನರ ನಡುವೆ ನಿಲ್ಲಲಾಗದಿರುವುದು ಶುರುವಾಯಿತು. ಫೋನಿನಲ್ಲಿ, "ಅಪ್ಪಾಜಿ, ನಾನು ಮನೋವೈದ್ಯರ ಹತ್ತಿರ ಹೋಗಲೇ?" ಎಂದು ಕೇಳಿದಳು. ನಾನು, "ಬೇಡಮ್ಮ, ದಾಖಲೆಯಲ್ಲಿ ಉಳಿದುಬಿಡುತ್ತದೆ, ನಾಳೆ ಸಂಬಂಧ ನೋಡುವಾಗ ತೊಂದರೆ" ಎಂದೆ. ಜೊತೆಗೆ, ಇದೆಲ್ಲ ಅಸಾತಾ ವೇದನೀಯ ಕರ್ಮದ ಉದಯ, ಸಮತೆಯಿಂದ ಸಹಿಸಬೇಕು ಎಂದು ಉಪದೇಶವನ್ನೂ ಮಾಡಿದೆ. ಕಾಲು ಮುರಿದಾಗ ನಾವು ಯಾರೂ ಹಾಗೆ ಹೇಳಿ ಮಗುವನ್ನು ಮನೆಯಲ್ಲಿ ಮಲಗಿಸುವುದಿಲ್ಲ. ಕರ್ಮಸಿದ್ಧಾಂತವನ್ನು ನಾನು ಅಂದು ಬಳಸಿದ್ದು ಮಗಳ ಸಮಾಧಾನಕ್ಕಲ್ಲ, ನನ್ನ ಲಜ್ಜೆಯನ್ನು ಮುಚ್ಚಿಕೊಳ್ಳಲು.

ಅವಳು ವೈದ್ಯರ ಬಳಿ ಹೋಗಲಿಲ್ಲ. ಪ್ರಾಣಿಗಳ ಆಶ್ರಯಧಾಮದಿಂದ ಒಂದು ನಾಯಿಯನ್ನು ತಂದುಕೊಂಡಳು. ನಮ್ಮ ಹಿರಿಯರಲ್ಲಿ ಕೆಲವರು ಮನೆಯಲ್ಲಿ ನಾಯಿ ಸಾಕುವುದೇ ಸಲ್ಲದು ಎನ್ನುತ್ತಾರೆ; ಆ ಚರ್ಚೆ ಇಂದು ಬೇಡ. ಆ ನಾಯಿ ಬಂದ ಮೇಲೆ ಅವಳು ರಾತ್ರಿ ನಿದ್ದೆ ಮಾಡತೊಡಗಿದಳು ಎಂಬುದು ಸತ್ಯ. ತಂದೆ ಕೊಡದ ಆಸರೆಯನ್ನು ಒಂದು ಮೂಕಪ್ರಾಣಿ ಕೊಟ್ಟಿತು.

2019ರಲ್ಲಿ ಅವಳಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಸಿಕ್ಕಿತು. ಮನೆ ಬದಲಿಸಲು ನೆರವಾಗಲೆಂದು ನಾನು ಹೋಗಿದ್ದೆ. ನಾಯಿ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಚಿಕ್ಕದಲ್ಲ. ಸರಕಿನ ಭಾಗದಲ್ಲಿ ಕಳಿಸಲು ಅವಳಿಗೆ ಭಯ. ಆಗ ಯಾರೋ ಪರಿಚಯದವರು ಪತ್ರದ ದಾರಿ ತೋರಿಸಿದರು. ಪ್ರಶ್ನೆಗಳಿಗೆ ಉತ್ತರ ತುಂಬಿದೆವು. ಹಣ ನನ್ನ ಕಾರ್ಡಿನಿಂದ ಹೋಯಿತು. ಎರಡು ದಿನಗಳಲ್ಲಿ ಪತ್ರ ಬಂತು: ಈ ಯುವತಿ ನನ್ನ ಆರೈಕೆಯಲ್ಲಿದ್ದಾಳೆ ಎಂದು, ಅವಳ ಮುಖವನ್ನೇ ನೋಡದ ಒಬ್ಬ ತಜ್ಞರ ಸಹಿಯೊಂದಿಗೆ. ನೋವು ನಿಜವಾಗಿತ್ತು, ಪತ್ರ ಸುಳ್ಳಾಗಿತ್ತು. ನಿಜವಾದ ಪತ್ರ ಸಿಗುವ ದಾರಿಯನ್ನು ನಾನೇ ಮುಚ್ಚಿದ್ದೆ.

ವಿಮಾನದ ಮುಂದಿನ ಸಾಲೊಂದರಲ್ಲಿ ದೃಷ್ಟಿಯಿಲ್ಲದ ಹಿರಿಯರೊಬ್ಬರು ಕುಳಿತಿದ್ದರು. ಅವರ ಕಾಲ ಬಳಿ ಮಾರ್ಗದರ್ಶಿ ನಾಯಿಯೊಂದು ಸದ್ದಿಲ್ಲದೆ ಮಲಗಿತ್ತು. ಅಷ್ಟೊಂದು ಜನ, ಎಂಜಿನ್ನಿನ ಸದ್ದು, ಇಕ್ಕಟ್ಟಾದ ದಾರಿ ಇವುಗಳಿಂದ ಬೆದರಿದ್ದ ನಮ್ಮ ನಾಯಿ ಹಾದುಹೋಗುವಾಗ ಅದರ ಮೇಲೆರಗಿ ಕಿವಿಯ ಬಳಿ ಬಾಯಿ ಹಾಕಿತು. ಕ್ಷಣಾರ್ಧದಲ್ಲಿ ಎಳೆದುಕೊಂಡೆವು. ಆ ಹಿರಿಯರು ನೆಲಕ್ಕೆ ಬಾಗಿ, ತಮ್ಮ ನಾಯಿಯ ತಲೆಯಿಂದ ಬಾಲದವರೆಗೆ ಬೆರಳಾಡಿಸಿ ಎಲ್ಲಿಯಾದರೂ ರಕ್ತದ ತೇವವಿದೆಯೇ ಎಂದು ಹುಡುಕಿದರು. ಬಳಿಕ ನಮ್ಮತ್ತ ಮುಖ ಮಾಡಿ, ನಿಮ್ಮ ನಾಯಿಗೆ ತರಬೇತಿ ಆಗಿದೆಯೇ ಎಂದು ಕೇಳಿದರು. ನಾನು ಉತ್ತರವಾಗಿ ಆ ಪತ್ರವನ್ನು ಅವರ ಮುಂದೆ ಹಿಡಿದೆ. ಕಣ್ಣಿಲ್ಲದವರ ಮುಂದೆ ಕಾಗದ ಹಿಡಿದೆ. ಅದು ನನಗೆ ಅರಿವಾದದ್ದು ಮಗಳು ನನ್ನ ಕೈಯನ್ನು ಕೆಳಗಿಳಿಸಿದಾಗ.

ಅವರು ಬೈಯಲಿಲ್ಲ. ಇವನು ಒಮ್ಮೆ ಬೇರೆ ನಾಯಿಗಳಿಗೆ ಹೆದರಲು ಕಲಿತರೆ ನಾನು ನಾಳೆಯಿಂದ ರಸ್ತೆ ದಾಟಲಾರೆ, ಎಂದಷ್ಟೇ ಹೇಳಿದರು.

ಮುಂದಿನ ಆರು ಗಂಟೆ ನಮ್ಮ ನಾಯಿ ಕಾಲ ಬಳಿ ಮುದುರಿ ನಡುಗುತ್ತ ಮಲಗಿತ್ತು. ದಾರಿಯಲ್ಲಿ ಗಲೀಜು ಮಾಡದಿರಲೆಂದು ಬೆಳಗಿನಿಂದ ಅದಕ್ಕೆ ಅನ್ನ ನೀರು ಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಬಸದಿಯ ಸ್ವಾಧ್ಯಾಯದಲ್ಲಿ ಬಾಯಿಪಾಠ ಮಾಡಿದ್ದ ಅಹಿಂಸಾಣುವ್ರತದ ಐದು ಅತಿಚಾರಗಳು ಅಲ್ಲಿ ಕುಳಿತಾಗ ನೆನಪಿಗೆ ಬಂದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಇವು ಎತ್ತಿನ ಗಾಡಿಯ ಕಾಲದ ಮಾತುಗಳೆಂದು ನಾವು ಭಾವಿಸುತ್ತೇವೆ. ಆದರೆ ಐದರಲ್ಲಿ ಮೂರು ಅಂದು ನನ್ನ ಕಾಲ ಬಳಿ ಮಲಗಿದ್ದವು. ಎತ್ತಿನ ಬೆನ್ನಿಗೆ ಮೂಟೆ ಹೇರಿದರೆ ಮಾತ್ರ ಅತಿಭಾರವೇ? ಒಂದು ಮನೆಯವರೆಲ್ಲ ಸೇರಿ ಹಂಚಿಕೊಳ್ಳಬೇಕಾಗಿದ್ದ ದುಃಖವನ್ನು ಒಂದು ನಾಯಿಯ ಮೇಲೆ ಹೇರಿ, ಅದು ತಾಳಲಾರದ ಜಾಗಕ್ಕೂ ಎಳೆದೊಯ್ಯುವುದು ಅತಿಭಾರವಲ್ಲವೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ: ಸುಳ್ಳು ಬರಹವನ್ನು ಸೃಷ್ಟಿಸುವುದು. ಅದು ನನ್ನ ಜೇಬಿನಲ್ಲಿತ್ತು.

ಈ ವಿವಾದವನ್ನು ಅಮೆರಿಕದಲ್ಲಿ ಬಹುತೇಕ ಪ್ರಯಾಣಿಕನ ಹಕ್ಕು ಮತ್ತು ಕಂಪನಿಯ ಅಧಿಕಾರ ಇವೆರಡರ ನಡುವಿನ ಜಗಳವೆಂಬಂತೆ ಚರ್ಚಿಸಿದರು. ಅನೇಕಾಂತವನ್ನು ಒಪ್ಪಿದ ನಾವು ಇನ್ನೂ ಕೆಲವು ಕಡೆಗಳಿಂದ ಅದನ್ನು ನೋಡಬೇಕು.

ಮೊದಲನೆಯದು ಪ್ರಾಣಿಯ ಕಡೆ. ಹಾರಾಟದಲ್ಲಿ ಕ್ಯಾಬಿನ್ನಿನೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಗಾಳಿ ಬಹಳ ಒಣಗಿರುತ್ತದೆ. ಮೋಟುಮೂತಿಯ ತಳಿಗಳಿಗೆ ಉಸಿರಾಟವೇ ಕಷ್ಟ. 2018ರ ಮಾರ್ಚ್‌ನಲ್ಲಿ ಹ್ಯೂಸ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ, ಸಿಬ್ಬಂದಿಯ ಸೂಚನೆಯಂತೆ ತಲೆಯ ಮೇಲಿನ ಸಾಮಾನಿನ ಖಾನೆಯಲ್ಲಿಟ್ಟ ಫ್ರೆಂಚ್ ಬುಲ್‌ಡಾಗ್ ಮರಿಯೊಂದು ಸತ್ತುಹೋಯಿತು. ಅದು ಆಸರೆಯ ಪ್ರಾಣಿಯಲ್ಲ, ಹಣ ಕಟ್ಟಿ ತಂದ ಸಾಕುಮರಿ. ಹೆಸರು ಯಾವುದಾದರೇನು, ಅದರ ಉಸಿರು ಒಂದೇ. ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದಲ್ಲಿರುವ ನಮ್ಮ ಪಕ್ಷಿ ಚಿಕಿತ್ಸಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಲ್ಲಿ ಗುಣವಾದ ಹಕ್ಕಿಯನ್ನು ಮತ್ತೆ ಪಂಜರಕ್ಕೆ ಕೊಡುವುದಿಲ್ಲ, ಹಾರಲು ಬಿಡುತ್ತಾರೆ. ನಮ್ಮ ಜೀವದಯೆಯ ಪರಂಪರೆ ಪ್ರಾಣಿಗೆ ಏನು ಬೇಕು ಎಂದು ಕೇಳುತ್ತದೆ, ಪ್ರಾಣಿಯಿಂದ ನಮಗೇನು ಸಿಗುತ್ತದೆ ಎಂದಲ್ಲ.

ಎರಡನೆಯದು ಅಂಗವಿಕಲರ ಕಡೆ. ಸುಳ್ಳು ಹೇಳಿದವನು ಕಂಪನಿಗೆ ಮೋಸ ಮಾಡಿದೆನೆಂದು ತಿಳಿಯುತ್ತಾನೆ. ಅವನು ಕದ್ದದ್ದು ಮಾರ್ಗದರ್ಶಿ ನಾಯಿಯೊಂದಿಗೆ ಬರುವವರ ಮೇಲೆ ಜನರಿಗಿದ್ದ ನಂಬಿಕೆಯನ್ನು. ಸುಳ್ಳು ಹೆಚ್ಚಿದಷ್ಟೂ ನಿಜವಾದವರನ್ನು ಸಂಶಯದಿಂದ ನೋಡುತ್ತಾರೆ, ಬಾಗಿಲಲ್ಲಿ ತಡೆಯುತ್ತಾರೆ, ಪ್ರಶ್ನಿಸುತ್ತಾರೆ.

ಮೂರನೆಯದು ನಿಜವಾಗಿ ನೊಂದವರ ಕಡೆ. ಅಮೆರಿಕದ ಸಾರಿಗೆ ಇಲಾಖೆ 2020ರಲ್ಲಿ ಹೊಸ ನಿಯಮದ ಕರಡನ್ನು ಪ್ರಕಟಿಸಿದಾಗ 15,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಆ ವರ್ಷದ ಡಿಸೆಂಬರ್‌ನಲ್ಲಿ ಹೊರಬಿದ್ದು, 2021ರ ಜನವರಿ 11ರಂದು ಜಾರಿಗೆ ಬಂದ ನಿಯಮದ ಪ್ರಕಾರ, ಅಂಗವೈಕಲ್ಯವುಳ್ಳವರಿಗೆ ನೆರವಾಗಲು ತರಬೇತಿ ಪಡೆದ ನಾಯಿ ಮಾತ್ರ ಸೇವಾ ಪ್ರಾಣಿ. ಮಾನಸಿಕ ಅಂಗವೈಕಲ್ಯಕ್ಕಾಗಿ ತರಬೇತಾದ ನಾಯಿಗೂ ಸಮಾನ ಸ್ಥಾನವಿದೆ. ಇದು ನ್ಯಾಯವಾದ ಮಾತು. ಆಸರೆಯ ಪ್ರಾಣಿಗಳನ್ನು ಕಂಪನಿಗಳು ಇನ್ನು ಸಾಕುಪ್ರಾಣಿಗಳೆಂದೇ ಪರಿಗಣಿಸಬಹುದು. ನಾಯಿಯ ಆರೋಗ್ಯ, ನಡವಳಿಕೆ, ತರಬೇತಿಗಳ ಬಗ್ಗೆ ಪ್ರಯಾಣಿಕನು ಸರ್ಕಾರಿ ನಮೂನೆಯಲ್ಲಿ ಸಹಿ ಮಾಡಬೇಕು. ಸುಳ್ಳು ಬರೆದರೆ ಅಪರಾಧ.

ಈ ನಿಯಮವನ್ನು ನಾನು ಒಟ್ಟಾರೆ ಒಪ್ಪುತ್ತೇನೆ. ಆದರೂ ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಮರೆಯಬಾರದು. ತರಬೇತಾದ ನಾಯಿಯನ್ನು ಪಡೆಯಲು ಬಹಳ ಹಣ ಬೇಕು. ಪ್ರಾಮಾಣಿಕವಾಗಿ ವೈದ್ಯರ ಬಳಿ ಹೋಗಿ ಪತ್ರ ಪಡೆದಿದ್ದ ಬಡ ರೋಗಿ ಅಂದು ತನ್ನ ಅನುಕೂಲವನ್ನು ಕಳೆದುಕೊಂಡ. ಅವನಿಂದ ಅದನ್ನು ಕಿತ್ತುಕೊಂಡದ್ದು ಸರ್ಕಾರವಷ್ಟೇ ಅಲ್ಲ, ನನ್ನಂತಹ ಸಾವಿರಾರು ಜನರ ಜೇಬಿನ ಪತ್ರಗಳು.

ಇದು ಅಮೆರಿಕದ ಮಾತು, ನಮಗೇನು ಎನ್ನಬಹುದು. ನಮ್ಮ ದೇಶದಲ್ಲಿ 2022ರ ನವೆಂಬರ್‌ನಿಂದ ಆಕಾಸಾ ಏರ್ ಕ್ಯಾಬಿನ್ನಿನಲ್ಲಿ ಸಾಕುಪ್ರಾಣಿಗಳನ್ನು ಬಿಡತೊಡಗಿತು. ಏರ್ ಇಂಡಿಯಾದಲ್ಲಿ ಮೊದಲಿನಿಂದಲೂ ಈ ಅವಕಾಶವಿದೆ. ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಮನೆಗಳಲ್ಲಿಯೂ ನಾಯಿ ಬೆಕ್ಕುಗಳು ಬಂದಿವೆ. ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ.

ಅದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ನಮ್ಮ ಹಿರಿಯರಿಗೆ ನಾವು ಗಾಲಿಕುರ್ಚಿ ಹೇಳಿಡುತ್ತೇವೆ. ಪ್ರತಿವರ್ಷ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲು ಹತ್ತುವ ಅಜ್ಜಿ ವಿಮಾನ ನಿಲ್ದಾಣದಲ್ಲಿ ಮಾತ್ರ ನಡೆಯಲಾರರು. ಕಾರಣ ನನಗೆ ಗೊತ್ತಿದೆ. ಇಂಗ್ಲಿಷ್ ಬಾರದು, ದಾರಿ ತಪ್ಪುವ ಭಯ, ವಿಚಾರಿಸುವವರಿಲ್ಲ. ಆ ಭಯ ನಿಜ. ಅದಕ್ಕೆ ನೆರವು ಸಿಗಬೇಕು. ಆದರೆ ನಡೆಯಲಾರೆ ಎಂಬ ಮಾತು ಸುಳ್ಳು. ಆ ಕುರ್ಚಿಗಾಗಿ ನಿಜವಾಗಿ ನಡೆಯಲಾರದ ಒಬ್ಬರು ವಿಮಾನದ ಬಾಗಿಲಲ್ಲಿ ಕಾಯುತ್ತಿರಬಹುದು. ಇಲ್ಲಿಯೂ ಅದೇ ಗಂಟು: ನಿಜವಾದ ಕಷ್ಟ, ಸುಳ್ಳಾದ ಹೇಳಿಕೆ, ಬೆಲೆ ತೆರುವವರು ಮೂರನೆಯವರು.

ಹಾಗಾದರೆ ಏನು ಮಾಡೋಣ? ಮೂರು ವಿನಂತಿಗಳಿವೆ.

ಒಂದು, ನಮ್ಮ ಅನುಕೂಲಕ್ಕಾಗಿ ಸುಳ್ಳು ಪ್ರಮಾಣಪತ್ರ ಮಾಡಿಸುವುದಿಲ್ಲ, ಬಂಧುಗಳಿಗೆ ಅದರ ದಾರಿಯನ್ನೂ ತೋರಿಸುವುದಿಲ್ಲ ಎಂದು ನಿಶ್ಚಯಿಸೋಣ. ಹಿರಿಯರಿಗೆ ಭಾಷೆಯ ಭಯವಿದ್ದರೆ ಜೊತೆಗೆ ಹೋಗುವವರನ್ನು ಹುಡುಕೋಣ. ಒಂದೇ ದಿನ ಪ್ರಯಾಣ ಮಾಡುವ ಕುಟುಂಬಗಳನ್ನು ಜೋಡಿಸುವ ಕೆಲಸ ಈ ಸಭೆಗೆ ಕಷ್ಟವೇನಲ್ಲ.

ಎರಡು, ಪ್ರಾಣಿಯನ್ನು ಸಾಕಿದವರು ಅದನ್ನು ವಿಮಾನಕ್ಕೆ ಹತ್ತಿಸುವ ಮೊದಲು, ಈ ಪ್ರಯಾಣ ಅದಕ್ಕೆ ಅನಿವಾರ್ಯವೇ ಎಂದು ಕೇಳಿಕೊಳ್ಳಲಿ. ನಾಲ್ಕು ದಿನದ ಮದುವೆಗೆ ನಾಯಿಯನ್ನು ಹಾರಿಸಿಕೊಂಡು ಹೋಗುವುದು ಪ್ರೀತಿಯಲ್ಲ. ಅದು ಪರಿಚಿತರ ಮನೆಯಲ್ಲಿ ನೆಮ್ಮದಿಯಾಗಿರಬಲ್ಲದು.

ಮೂರನೆಯದೇ ಮುಖ್ಯ. ಮಕ್ಕಳು ಮನಸ್ಸು ಸರಿಯಿಲ್ಲ ಎಂದಾಗ ಬಾಯಿ ಮುಚ್ಚಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆ ಪಡೆಯುವ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಟ್ಟಿದೆ. ದಾಖಲೆ ಉಳಿಯುತ್ತದೆ, ಸಂಬಂಧ ತಪ್ಪುತ್ತದೆ ಎಂಬ ನನ್ನ ಭಯಕ್ಕೆ ಕಾನೂನು ಆಗಲೇ ಉತ್ತರ ಹೇಳಿತ್ತು, ನಾನು ಕೇಳಿರಲಿಲ್ಲ. 2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ನಡೆಯುತ್ತಿದೆ. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ. ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಹೊರನಾಡಿನ ನಮಗೆ ಇದು ಸಣ್ಣ ಮಾತಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಪರಭಾಷೆಯಲ್ಲಿ ವ್ಯವಹರಿಸುವವರೂ ಅಳುವುದು ತಾಯ್ನುಡಿಯಲ್ಲಿಯೇ. ಇನ್ನು ಸಂಬಂಧದ ವಿಷಯ. ಚಿಕಿತ್ಸೆ ಪಡೆದವಳೆಂಬ ಕಾರಣಕ್ಕೆ ಹೆಣ್ಣನ್ನು ಬೇಡವೆನ್ನುವ ಮನೆಗೆ ಮಗಳನ್ನು ಕೊಡದಿರುವುದೇ ಲೇಸು.

ನನ್ನ ಮಗಳು ಆ ಪ್ರಯಾಣ ಮುಗಿದ ವಾರವೇ ವೈದ್ಯರನ್ನು ಕಂಡಳು. ನನ್ನ ಅನುಮತಿ ಕೇಳಲಿಲ್ಲ. ಈಗ ಚೆನ್ನಾಗಿದ್ದಾಳೆ, ಕೆಲವು ದಿನಗಳು ಇಂದಿಗೂ ಕಷ್ಟವಾಗಿಯೇ ಇರುತ್ತವೆ. ಊರಿಗೆ ಬರುವಾಗ ನಾಯಿಯನ್ನು ಸ್ನೇಹಿತೆಯ ಮನೆಯಲ್ಲಿ ಬಿಟ್ಟು ಬರುತ್ತಾಳೆ. ಈ ಮಾತುಗಳನ್ನು ಇಲ್ಲಿ ಹೇಳಲು ಒಪ್ಪಿದವಳೂ ಅವಳೇ. "ಅಪ್ಪಾಜಿ, ನಾಯಿಯ ವಿಷಯ ಮಾತ್ರ ಹೇಳಿ ನಿಲ್ಲಿಸಬೇಡಿ, ನೀವು ಫೋನಿನಲ್ಲಿ ಹೇಳಿದ್ದನ್ನೂ ಹೇಳಿ" ಎಂದಳು. ಹೇಳಿದ್ದೇನೆ.

ಆ ಹಿರಿಯರ ಹೆಸರು ನನಗೆ ತಿಳಿಯದು. ಅವರ ನಾಯಿ ಮುಂದೆ ಹೆದರದೆ ರಸ್ತೆ ದಾಟಿಸಿತೋ ಇಲ್ಲವೋ ಅದೂ ತಿಳಿಯದು. ಈ ಕ್ಷಮಾವಾಣಿಯ ದಿನ ಮೊದಲು ಅವರಲ್ಲಿ, ಆ ನಾಯಿಯಲ್ಲಿ, ನಮ್ಮ ನಾಯಿಯಲ್ಲಿ, ನನ್ನ ಮಗಳಲ್ಲಿ, ಬಳಿಕ ನಿಮ್ಮೆಲ್ಲರಲ್ಲಿ ಕ್ಷಮೆ ಯಾಚಿಸುತ್ತೇನೆ.

ಜೈ ಜಿನೇಂದ್ರ.